ಬೆಂಗಳೂರು ನೀಲಿ ದ್ರಾಕ್ಷಿ: ಅದರ ಮೂಲ ಮತ್ತು ರುಚಿ

ಕೊಳೆ ಔಷಧಿ ಹೊಡೆಯುವ ದಿನಗಳಲ್ಲಿ ನಮ್ಮ ಸದಸ್ಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಹೆಸರು ‘ಬೋರ್ಡೋ’. ಅದು ಔಷಧಿಯ ಹೆಸರಲ್ಲ, ಫ್ರಾನ್ಸ್ ದೇಶದ ಒಂದು ಊರಿನ ಹೆಸರು. ದ್ರಾಕ್ಷಿಗೂ ವೈನಿಗೂ ಹೆಸರಾದ ಊರು. ಅಡಿಕೆ ಕೊನೆಗೂ ದ್ರಾಕ್ಷಿ ಗೊಂಚಲಿಗೂ ಇರುವ ಈ ನಂಟು ಗೊತ್ತಾದರೆ, ಕಾಫಿ-ಅಡಿಕೆಯವರ ಪತ್ರಿಕೆಯಲ್ಲಿ ದ್ರಾಕ್ಷಿಯ ಮಾತೇಕೆ ಎಂದು ಯಾರೂ ಕೇಳಲಾರರು.

ಈ ಲೇಖನಕ್ಕೆ ಕಾರಣ ಎರಡು. ಮೊದಲನೆಯದು, ಸದಸ್ಯರೊಬ್ಬರು ಬರೆದ ಕಾಗದ. ಬೆಂಗಳೂರಿನ ಸುತ್ತ ವೈನ್ ದ್ರಾಕ್ಷಿಯಿಂದ ಒಳ್ಳೆಯ ಹಣ ಬರುತ್ತದೆಂದು ಕೇಳಿ, ತೋಟದ ಕೆಳಗಿನ ಎರಡು ಎಕರೆ ಮುದಿ ಅಡಿಕೆ ಕಡಿದು ದ್ರಾಕ್ಷಿ ಹಾಕಬಹುದೇ ಎಂದು ಅವರು ಕೇಳಿದ್ದಾರೆ. ಎರಡನೆಯದು, ಸಂಘದ ಕೆಲಸಕ್ಕಾಗಿ ಬೆಂಗಳೂರಿಗೆ ಹೋದಾಗ ನಾವು ಜೋಗುಪಾಳ್ಯದಲ್ಲಿ ಕಂಡ ಒಂದು ಬಳ್ಳಿ.

ಜೋಗುಪಾಳ್ಯದ ಬಳ್ಳಿ

ಜೋಗುಪಾಳ್ಯ ಹಲಸೂರಿನ ಪಕ್ಕದ ಹಳೆಯ ಬಡಾವಣೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದ ಮೇಲೆ ಸುತ್ತಲಿನ ಹಳ್ಳಿಗಳೆಲ್ಲ ದಂಡಿನ ಬದುಕಿನೊಂದಿಗೆ ಬೆಸೆದುಕೊಂಡವು. ಈಗ ಅಲ್ಲಿ ಓಣಿಗಳು ಇಕ್ಕಟ್ಟಾಗಿ ಮನೆಯ ಮೇಲೆ ಮನೆ ಎದ್ದಿದೆ. ನಾವು ಉಳಿದುಕೊಂಡಿದ್ದು ಸದಸ್ಯರೊಬ್ಬರ ಮಗಳ ಬಾಡಿಗೆ ಮನೆಯಲ್ಲಿ. ಹಿತ್ತಲಿನ ಚಪ್ಪರದ ಮೇಲೆ ತೊಡೆಯಷ್ಟು ದಪ್ಪ ಕಾಂಡದ ದ್ರಾಕ್ಷಿ ಬಳ್ಳಿ. ಮನೆಯೊಡತಿ ಎಂಬತ್ತು ದಾಟಿದ ಅಜ್ಜಿ. ಕ್ರಿಸ್‌ಮಸ್ಸಿಗೆ ಎರಡು ತಿಂಗಳ ಮುಂಚೆ ಈ ಹಣ್ಣನ್ನು ಪಿಂಗಾಣಿ ಜಾಡಿಗೆ ತುಂಬಿಡುವ ವಾಡಿಕೆ ದಂಡಿನ ಕ್ರೈಸ್ತ ಮನೆಗಳಲ್ಲಿ ಹಿಂದಿನಿಂದ ಇತ್ತೆಂದು ಅವರೇ ಹೇಳಿದರು.

“ಅಂಗಡೀಲಿ ಬೀಜ ಇಲ್ಲದ್ದು ಬೇಕಾದಷ್ಟು ಸಿಗುತ್ತೆ ಸ್ವಾಮಿ. ಅದು ಸಿಹಿ, ಅಷ್ಟೇ. ಇದಕ್ಕೆ ವಾಸನೆ ಇದೆ” ಎಂದು ಅಜ್ಜಿ ಒಂದು ಗೊಂಚಲು ಕೈಗಿತ್ತರು. ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಲು ಮಗ ಒಪ್ಪಂದ ಮಾಡಿಕೊಂಡಿದ್ದರಂತೆ. ಬಳ್ಳಿಗೆ ಮುಂದಿನ ಬೇಸಿಗೆಯೇ ಕಡೆ. ಆರು ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ತಂದೆವು. ಆ ಕಡ್ಡಿಗಳ ಗತಿಯನ್ನು ಕೊನೆಯಲ್ಲಿ ಹೇಳುತ್ತೇವೆ.

ಈ ತಳಿ ಯಾವುದು?

ಪೇಟೆಯಲ್ಲಿ ಇದರ ಹೆಸರು ‘ಬೆಂಗಳೂರು ಬ್ಲೂ’. ಹಳ್ಳಿಯವರು ಬರಿದೆ ‘ಕಪ್ಪು ದ್ರಾಕ್ಷಿ’ ಎನ್ನುತ್ತಾರೆ. ಹಣ್ಣು ಗುಂಡಗೆ ಸಣ್ಣದು, ಬಣ್ಣ ಕಡುನೇರಳೆ, ಮೈಮೇಲೆ ಬೂದಿ ಸವರಿದಂಥ ಮಬ್ಬು. ಸಿಪ್ಪೆ ದಪ್ಪ, ಒಳಗೆ ಬೀಜ. ಎರಡು ಬೆರಳ ನಡುವೆ ಒತ್ತಿದರೆ ತಿರುಳು ಸಿಪ್ಪೆಯಿಂದ ಜಾರಿ ಇಡಿಯಾಗಿ ಹೊರಬೀಳುತ್ತದೆ. ತಳಿಯನ್ನು ಗುರುತಿಸಲು ಇದು ಸುಲಭದ ಉಪಾಯ. ಬಿಜಾಪುರದ ಕಡೆಯಿಂದ ಬರುವ ಥಾಮ್ಸನ್ ಸೀಡ್‌ಲೆಸ್ ಹಣ್ಣಿನ ಸಿಪ್ಪೆ ಹೀಗೆ ಬಿಡುವುದಿಲ್ಲ.

ಹೆಸರು ಬೆಂಗಳೂರಿನದಾದರೂ ಹುಟ್ಟು ಬೆಂಗಳೂರಿನದಲ್ಲ. ತಜ್ಞರು ಇದನ್ನು ಅಮೆರಿಕದ ‘ಇಸಾಬೆಲ್ಲಾ’ ತಳಿಯೆಂದು ಗುರುತಿಸುತ್ತಾರೆ. ಬಳ್ಳಿಗಳ ಲೋಕದಲ್ಲಿ ಎರಡು ದೊಡ್ಡ ಕುಲಗಳನ್ನು ತಿಳಿದರೆ ನಮಗೆ ಸಾಕು. ಒಂದು ಯುರೋಪು ಮತ್ತು ಪಶ್ಚಿಮ ಏಷ್ಯಾದ ದ್ರಾಕ್ಷಿ, ಶಾಸ್ತ್ರೀಯ ಹೆಸರು ವಿಟಿಸ್ ವಿನಿಫೆರಾ. ಲೋಕದ ಹೆಸರಾಂತ ವೈನ್‌ಗಳೂ ನಮ್ಮ ಥಾಮ್ಸನ್ನೂ ಈ ಕುಲದವು. ಇನ್ನೊಂದು ಅಮೆರಿಕದ ಪೂರ್ವ ಭಾಗದ ಕಾಡಿನಲ್ಲಿ ತಾನಾಗಿ ಹಬ್ಬುವ ವಿಟಿಸ್ ಲಬ್ರಸ್ಕಾ. ಯುರೋಪಿನಿಂದ ವಲಸೆ ಹೋದವರು ತಮ್ಮ ಬಳ್ಳಿಗಳನ್ನು ಅಮೆರಿಕಕ್ಕೆ ಒಯ್ದು ನೆಟ್ಟರು. ಅಲ್ಲಿಯ ರೋಗ-ಕೀಟಗಳಿಗೆ ಅವು ಬಾಳಲಿಲ್ಲ. ಆದರೆ ಸಾಯುವ ಮುಂಚೆ ಅವುಗಳ ಪರಾಗ ಕಾಡುಬಳ್ಳಿಗಳೊಂದಿಗೆ ಕೂಡಿ ಕೆಲವು ಬೆರಕೆ ಸಸಿಗಳು ಹುಟ್ಟಿದವು. ಇಸಾಬೆಲ್ಲಾ ಅಂಥದೊಂದು ತಾನಾಗಿ ಹುಟ್ಟಿದ ಬೆರಕೆ. ನ್ಯೂಯಾರ್ಕಿನ ಬಳಿ ಸಸ್ಯಕ್ಷೇತ್ರ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ ಎಂಬವರು 1816ರಲ್ಲಿ ಬ್ರೂಕ್ಲಿನ್‌ನ ಗಿಬ್ಸ್ ದಂಪತಿಗಳ ತೋಟದಿಂದ ಇದನ್ನು ಪಡೆದು, ಗೃಹಿಣಿ ಇಸಾಬೆಲ್ಲಾ ಗಿಬ್ಸ್‌ರ ಹೆಸರನ್ನೇ ಇಟ್ಟು ಹಂಚಿದರೆಂದು ರೂಢಿಯ ಮಾತು.

ಕಾಫಿ ಬೆಳೆಗಾರರಿಗೆ ಈ ಕಥೆ ಹೊಸದಲ್ಲ. ನಮ್ಮ ಬಹುಪಾಲು ಅರೇಬಿಕಾ ತೋಟಗಳಲ್ಲಿರುವ ಎಸ್. 795 ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ. ಅದರ ಒಂದು ಕಡೆಯ ಪೂರ್ವಜ ಅರೇಬಿಕಾ ಮತ್ತು ಲೈಬೀರಿಕಾ ತಾನಾಗಿ ಕೂಡಿ ಹುಟ್ಟಿದ ಬೆರಕೆ. ಇನ್ನೊಂದು ಕಡೆ ಚಿಕ್ಕಮಗಳೂರು ಸೀಮೆಯ ಕೆಂಟ್ಸ್. ಕಾಡುರಕ್ತದಿಂದ ಗಟ್ಟಿತನ, ನಾಡರಕ್ತದಿಂದ ರುಚಿ. ಇಸಾಬೆಲ್ಲಾದ ಗುಟ್ಟೂ ಇದೇ.

ಲೋಕ ಸುತ್ತಿದ ಬಳ್ಳಿ, ಜೊತೆಗೆ ಬಂದ ರೋಗ

1845ರಲ್ಲಿ ಇಂಗ್ಲೆಂಡಿನ ಒಂದು ಗಾಜಿನ ಮನೆಯ ದ್ರಾಕ್ಷಿಯಲ್ಲಿ ಬೂದಿರೋಗ ಕಾಣಿಸಿತು. ಅಮೆರಿಕದಿಂದ ಬಂದ ಈ ರೋಗ ಕೆಲವೇ ವರ್ಷಗಳಲ್ಲಿ ಫ್ರಾನ್ಸ್, ಇಟಲಿ, ಪೋರ್ಚುಗಲ್ ದೇಶಗಳ ತೋಟಗಳನ್ನು ಹಾಳುಮಾಡಿತು. ಆಗ ಗಟ್ಟಿ ತಳಿಯೆಂದು ರೈತರು ಇಸಾಬೆಲ್ಲಾವನ್ನು ತರಿಸಿ ನೆಟ್ಟರು. ಆದರೆ ಅಮೆರಿಕದ ಬಳ್ಳಿಗಳ ಬೇರಿನೊಂದಿಗೆ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟವೂ ಹಡಗು ಹತ್ತಿತ್ತು. 1860ರ ದಶಕದಿಂದ ಅದು ಯುರೋಪಿನ ಬಳ್ಳಿಗಳ ಬೇರನ್ನು ತಿಂದು ಲಕ್ಷಾಂತರ ಎಕರೆ ತೋಟ ಒಣಗಿಸಿತು. ಅಮೆರಿಕದ ಬೇರಿಗೆ ಯುರೋಪಿನ ಕುಡಿ ಕಸಿ ಕಟ್ಟಿದ ಮೇಲೆಯೇ ವೈನ್ ಉದ್ಯಮ ಉಳಿದದ್ದು. ಆ ಬೇರುಗಳೊಂದಿಗೆ ಮತ್ತೊಂದು ಪೀಡೆ, ಬೂಜುರೋಗ, 1878ರಲ್ಲಿ ಫ್ರಾನ್ಸಿಗೆ ಬಂತು.

ಇಲ್ಲಿ ನಮ್ಮ ಅಡಿಕೆಯ ಕಥೆ ಬಂದು ಸೇರುತ್ತದೆ. ಬೋರ್ಡೋ ಸೀಮೆಯ ರೈತರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ಹಸಿರು ಬಳಿದ ಹಣ್ಣು ವಿಷವೆಂದು ಹೆದರಿ ದಾರಿಹೋಕರು ಕದಿಯದಿರಲಿ ಎಂಬುದಷ್ಟೇ ಅವರ ಉಪಾಯ. ಬೂಜುರೋಗದ ವರ್ಷ ಉಳಿದ ತೋಟವೆಲ್ಲ ಎಲೆ ಉದುರಿಸಿ ನಿಂತರೂ ದಾರಿಬದಿಯ ಸಾಲು ಮಾತ್ರ ಹಸಿರಾಗಿರುವುದನ್ನು 1882ರಲ್ಲಿ ಅಲ್ಲಿಯ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಆ ಮಿಶ್ರಣವೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸರ್ಕಾರದ ಕೃಷಿ ಇಲಾಖೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ ಇದೇ ದ್ರಾವಣವನ್ನು ಅಡಿಕೆ ಕೊನೆಗೆ ಹೊಡೆಯಲು ಕಲಿಸಿದರು. ಅದಕ್ಕೂ ಮುಂಚೆ ನಮ್ಮ ಹಿರಿಯರಿಗೆ ಇದ್ದ ಆಸರೆ ಕೊಟ್ಟೆ ಕಟ್ಟುವುದೊಂದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ನಮ್ಮ ಇಂದಿನ ಲೆಕ್ಕದ ತವರು ದ್ರಾಕ್ಷಿ ತೋಟ.

ಬೆಂಗಳೂರಿನಲ್ಲಿ ನೆಲೆ

ಬೆಂಗಳೂರಿನ ಸುತ್ತ ಈ ದ್ರಾಕ್ಷಿಗೆ ಸುಮಾರು 150 ವರ್ಷಗಳ ಇತಿಹಾಸವಿದೆ ಎನ್ನುತ್ತಾರೆ. ತಂದವರು ದಂಡಿನ ಕಾಲದ ಬಿಳಿಯರು, ಸಾಕಿದವರು ಈ ನಾಡಿನ ರೈತರು. ಬೆಂಗಳೂರು ನಗರ ಮತ್ತು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ಕೆಂಪು ಮಣ್ಣು ಇದಕ್ಕೆ ಹಿಡಿಸಿತು. ಅತಿ ಚಳಿಯೂ ಅತಿ ಸೆಕೆಯೂ ಇಲ್ಲದ ಆ ಹವೆಯಲ್ಲಿ ಬಳ್ಳಿ ವರ್ಷವಿಡೀ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತಾರೆ. ಬಿಜಾಪುರದಲ್ಲಾದರೋ ಎರಡು ಸಲ ಸವರಿದರೂ ಸಿಗುವುದು ಒಂದೇ ಬೆಳೆ. ಏಪ್ರಿಲ್‌ನ ಸವರಿಕೆ ಕಡ್ಡಿ ಬೆಳೆಸಲು, ಅಕ್ಟೋಬರಿನದು ಹಣ್ಣಿಗೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಹಳೆಯ ತಳಿಯನ್ನು ಕೀಳಾಗಿ ನೋಡಲಿಲ್ಲ. ಬೆಂಗಳೂರು ನೀಲಿಯನ್ನು ಒಂದು ಕಡೆಯ ಪೋಷಕವಾಗಿ ಇಟ್ಟುಕೊಂಡು ಅರ್ಕಾ ಶ್ಯಾಮ್, ಅರ್ಕಾ ಹಂಸ, ಅರ್ಕಾ ತೃಷ್ಣಾ ಎಂಬ ಹೊಸ ತಳಿಗಳನ್ನು ಅಲ್ಲಿ ಎಬ್ಬಿಸಿದ್ದಾರೆ. ಹಳೆಯದನ್ನು ಕಿತ್ತೆಸೆದಿದ್ದರೆ ಈ ಹೊಸದಕ್ಕೆ ತಾಯಿ ಎಲ್ಲಿಂದ ಬರುತ್ತಿತ್ತು?

ರುಚಿಯ ವಿಚಾರ

ಈ ಹಣ್ಣನ್ನು ಮೂರು ಹಂತದಲ್ಲಿ ತಿಂದು ನೋಡಬೇಕು. ಮೊದಲು ಸಿಪ್ಪೆಗೆ ಅಂಟಿದ ರಸ: ಸಿಹಿ ಮತ್ತು ಘಮ ಎರಡೂ ಇರುವುದು ಇಲ್ಲಿಯೇ. ನಂತರ ತಿರುಳು: ಮೆತ್ತಗೆ, ಸಾಧಾರಣ ಸಿಹಿ. ಕಡೆಗೆ ಬೀಜದ ಸುತ್ತ: ಹಲ್ಲು ಚುಳ್ಳೆನ್ನುವ ಹುಳಿ. ಸಿಪ್ಪೆ ಉಗುಳುವವನಿಗೆ ಹುಳಿ ಮಾತ್ರ ಉಳಿಯುತ್ತದೆ. ಬೆಂಗಳೂರು ನೀಲಿ ಹುಳಿಯೆಂದು ದೂರುವವರಲ್ಲಿ ಅರ್ಧ ಜನ ಸಿಪ್ಪೆ ಉಗುಳಿದವರೇ ಎಂದು ನಮ್ಮ ಅನುಮಾನ.

ಘಮಕ್ಕೆ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು. ಇದೇ ವಸ್ತು ಮಲ್ಲಿಗೆಯಲ್ಲೂ ಕಿತ್ತಳೆ ಹೂವಿನಲ್ಲೂ ಉಂಟು. ಕಾಫಿ ತೋಟದ ನಡುವೆ ಕಿತ್ತಳೆ ಬೆಳೆಸಿದ ಕೊಡಗಿನ ಸದಸ್ಯರಿಗೆ ಆ ಕಂಪನ್ನು ವಿವರಿಸಬೇಕಾಗಿಲ್ಲ. ಪೇಟೆಯಲ್ಲಿ ಸಿಗುವ ಕೃತಕ ದ್ರಾಕ್ಷಿ ಪಾನಕ, ಪೆಪ್ಪರಮೆಂಟುಗಳಿಗೆ ಹಾಕುವ ವಾಸನೆಯೂ ಇದೇ. ಸ್ಟ್ರಾಬೆರಿಯ ಸಿಹಿ ವಾಸನೆಯನ್ನು ಹೋಲುವ ಇನ್ನೊಂದು ಛಾಯೆಯೂ ಇದರಲ್ಲಿದೆ. ಅದಕ್ಕೆ ಕಾರಣವಾದ ಫ್ಯುರನಿಯಾಲ್ ಹುರಿದ ಕಾಫಿಯಲ್ಲೂ ಇರುತ್ತದೆ. ಇಟಲಿಯವರು ಇಸಾಬೆಲ್ಲಾವನ್ನು ‘ಸ್ಟ್ರಾಬೆರಿ ದ್ರಾಕ್ಷಿ’ ಎಂದೇ ಕರೆಯುತ್ತಾರೆ.

ಅದೇ ಘಮವನ್ನು ಯುರೋಪಿನ ವೈನ್ ಪರೀಕ್ಷಕರು ‘ನರಿ ವಾಸನೆ’ ಎಂದು ಹಳಿದರು. ಫ್ರಾನ್ಸ್ ಸರ್ಕಾರ 1934ರಲ್ಲಿ ಇಸಾಬೆಲ್ಲಾ ಸೇರಿ ಆರು ಅಮೆರಿಕ ಮೂಲದ ತಳಿಗಳ ವೈನ್ ಮಾರಾಟವನ್ನು ನಿಷೇಧಿಸಿತು. ಆ ಕಾಲದಲ್ಲಿ ಅಲ್ಲಿ ವೈನ್ ಬೇಡಿಕೆಗಿಂತ ಹೆಚ್ಚಾಗಿ ಬೆಲೆ ಕುಸಿದಿತ್ತೆಂಬುದನ್ನು ನೆನಪಿಡಬೇಕು. ಅತ್ತ ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ಇಟಲಿಯಿಂದ ವಲಸೆ ಹೋದ ಸಣ್ಣ ರೈತರು ಇದೇ ತಳಿಯಿಂದ ರಸವನ್ನೂ ದಿನಬಳಕೆಯ ವೈನನ್ನೂ ಮಾಡಿ ಬಾಳು ಕಟ್ಟಿಕೊಂಡರು. ಹಣ್ಣು ಒಂದೇ, ಒಂದು ಕಡೆ ಅಪರಾಧಿ, ಇನ್ನೊಂದು ಕಡೆ ಅನ್ನದಾತ.

ಕಾಫಿಯಲ್ಲೂ ಇಂಥ ಉದಾಹರಣೆ ಇದೆ. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಕಡಲ ತೇವ ಕುಡಿದು ಹಳದಿಯಾಗಿ ಊದಿಕೊಂಡ ಬೀಜದ ರುಚಿ ಯುರೋಪಿನ ಕೆಲವರಿಗೆ ಒಗ್ಗಿಹೋಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿ ತಪ್ಪಿತು. ಹಳೆಯ ಗಿರಾಕಿಗಳಿಗಾಗಿ ಮಂಗಳೂರಿನ ಕಡಲ ಕರೆಯಲ್ಲಿ ಕಾಫಿಯನ್ನು ಮಳೆಗಾಳಿಗೆ ಹರವಿ ‘ಮಾನ್ಸೂನ್ಡ್ ಮಲಬಾರ್’ ಮಾಡತೊಡಗಿದರು. ದೋಷವೆನ್ನಬಹುದಾಗಿದ್ದುದೇ ಹೆಸರಾಯಿತು. ರುಚಿಗೆ ಬೆಲೆ ಕಟ್ಟುವವನು ಗಿರಾಕಿ. ಆದರೆ ಅವನಿಗೆ ಅದನ್ನು ಪರಿಚಯಿಸುವ ಹೊಣೆ ಬೆಳೆದವನದು.

ವೈನ್ ಆಗುವಾಗ

ಮದ್ಯದ ಪ್ರಚಾರ ನಮ್ಮ ಉದ್ದೇಶವಲ್ಲ. ಆದರೂ ಕಾಗದ ಬರೆದ ಸದಸ್ಯರಿಗೆ ಲೆಕ್ಕ ತಿಳಿಯಬೇಕು. ಬೆಂಗಳೂರು ನೀಲಿಯ ರಸದಲ್ಲಿ ಸಕ್ಕರೆಯ ಅಂಶ ಸಾಮಾನ್ಯವಾಗಿ ನೂರಕ್ಕೆ 16ರಿಂದ 18. ಹುದುಗಿದಾಗ ಇದು ನೂರಕ್ಕೆ ಸುಮಾರು 9-10 ಮದ್ಯಸಾರ ಕೊಡುತ್ತದೆ. ಶಿರಾಜ್, ಕ್ಯಾಬರ್ನೆ ಸೊವಿನ್ಯೊಂ ಮುಂತಾದ ಫ್ರೆಂಚ್ ತಳಿಗಳನ್ನು 22-24ರವರೆಗೆ ಮಾಗಿಸಿ ಕೊಯ್ಯುವುದರಿಂದ ಅವು 12-13 ಕೊಡುತ್ತವೆ. ಅಲ್ಲದೆ ನೀಲಿಯ ಹುಳಿ ಹೆಚ್ಚು. ಹಾಗಾಗಿಯೇ ಇದರಿಂದ ಸಿಹಿ ವೈನ್ ಮಾಡುವುದು ವಾಡಿಕೆ. ಸಿಹಿ ಹುಳಿಯನ್ನು ಮರೆಸುತ್ತದೆ. ನಮ್ಮಲ್ಲಿ ‘ಪೋರ್ಟ್’ ಎಂದು ಮಾರುವ ಅಗ್ಗದ ಸಿಹಿ ವೈನ್‌ಗೂ, ಹುದುಗುವ ನಡುವೆ ದ್ರಾಕ್ಷಿ ಸಾರಾಯಿ ಬೆರೆಸಿ ತಯಾರಿಸುವ ಪೋರ್ಚುಗಲ್‌ನ ನಿಜವಾದ ಪೋರ್ಟ್‌ಗೂ ಹೆಸರಿನ ಸಂಬಂಧವೇ ಹೆಚ್ಚು.

ಸದಸ್ಯರು ಕೇಳಿದ ‘ಒಳ್ಳೆಯ ಹಣದ’ ವೈನ್ ದ್ರಾಕ್ಷಿ ಹೆಚ್ಚಾಗಿ ಈ ಹಳೆಯ ತಳಿಯಲ್ಲ, ಫ್ರೆಂಚ್ ತಳಿ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಗ್ರೋವರ್ ಸಂಸ್ಥೆ ಅಂಥ ತೋಟ ಆರಂಭಿಸಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಇನ್ನೂ ಹಲವರು ಈ ಉದ್ಯಮಕ್ಕೆ ಬಂದರು. ಆ ತೋಟಗಳಲ್ಲಿ ಕೊಯ್ಲಿನ ದಿನವನ್ನು ನಿಗದಿ ಮಾಡುವುದು ವೈನರಿ. ಗಿರಾಕಿ ಒಬ್ಬನೇ ಆದರೆ ಬೆಲೆ ಹೇಳುವವನೂ ಅವನೇ ಎಂಬುದನ್ನು ಸಹಕಾರಿಗಳಾದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಹೆಸರಿನ ಬೆಲೆ

ಬೆಂಗಳೂರು ನೀಲಿ ದ್ರಾಕ್ಷಿಗೆ ಈಗ ಭೌಗೋಳಿಕ ಸೂಚನೆಯ ಮಾನ್ಯತೆ ಇದೆ. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ದೊರೆತದ್ದು ಇಂಥದೇ ಮಾನ್ಯತೆ. ಆದರೆ ಮುದ್ರೆ ಬಿದ್ದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಬೆಳೆಗಾರ ಅಧಿಕೃತ ಬಳಕೆದಾರನಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಗುಣಮಟ್ಟದಲ್ಲಿ ಮೋಸ ಮಾಡಬಾರದು. ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಬಾಳೆಯಂತೆ ಮನೆಯಲ್ಲಿಟ್ಟು ಮಾಗಿಸಲಾಗದು. ಈ ತಳಿಯಲ್ಲಿ ಒಂದೇ ಗೊಂಚಲಲ್ಲಿ ಕಾಯಿಯೂ ಹಣ್ಣೂ ಇರುವ ತೊಂದರೆಯೂ ಉಂಟು. ಬೆಲೆ ಬಂತೆಂದು ಅವಸರದಲ್ಲಿ ಕೊಯ್ದ ಹುಳಿ ಗೊಂಚಲು ಇಡೀ ತಳಿಯ ಹೆಸರು ಕೆಡಿಸುತ್ತದೆ. ಹಸಿರು ಕಾಫಿ ಕಾಯಿ ಸೇರಿಸಿ ಕೊಯ್ದರೆ ಏನಾಗುತ್ತದೆಂದು ಬಲ್ಲ ನಮಗೆ ಇದು ಅರ್ಥವಾದೀತು.

ಇನ್ನೊಂದು ಅಪಾಯ ನೆಲದ್ದೇ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಸೀಮೆಯ ಭೂಮಿಗೆ ದ್ರಾಕ್ಷಿ ಎಂದೂ ಕೊಡಲಾರದ ಬೆಲೆ ಬಂತು. ಜೋಗುಪಾಳ್ಯದ ಹಿತ್ತಲಿಗೆ ಆದದ್ದೇ ತೋಟಗಳಿಗೂ ಆಗುತ್ತಿದೆ. ಊರಿನ ಹೆಸರು ಹೊತ್ತ ಹಣ್ಣಿಗೆ ಆ ಊರಿನಲ್ಲೇ ಜಾಗ ಇಲ್ಲವಾದರೆ ಸೂಚನೆಯ ಕಾಗದ ಯಾರಿಗೆ?

ಸದಸ್ಯರ ಪ್ರಶ್ನೆಗೆ ನಮ್ಮ ಉತ್ತರ

ಅಡಿಕೆ ಕಡಿದು ದ್ರಾಕ್ಷಿ ಹಾಕಬೇಡಿ. ದ್ರಾಕ್ಷಿಗೆ ಹಣ್ಣಾಗುವಾಗ ಒಣ ಹವೆ, ಬಿಸಿಲು, ನೀರು ನಿಲ್ಲದ ಬೇರು ಬೇಕು. ಮಲೆನಾಡಿನ ಜಡಿಮಳೆ ಈ ಮೂರನ್ನೂ ಕೊಡುವುದಿಲ್ಲ. ಅಡಿಕೆ ತೋಟದ ತಗ್ಗು ನೆಲವಂತೂ ಸಲ್ಲದು. ಕೊಳ್ಳುವ ವೈನರಿ ದೂರ; ಹಣ್ಣು ದಾರಿಯಲ್ಲೇ ಕೆಟ್ಟೀತು. ಮುದಿ ಅಡಿಕೆಯ ಜಾಗಕ್ಕೆ ಮರುನಾಟಿ, ಅದರ ನಡುವೆ ಮೆಣಸು, ಬಾಳೆ ಇವೇ ನಮಗೆ ಗೊತ್ತಿರುವ ದಾರಿ.

ಮನೆ ಬಳಕೆಗೆ ಒಂದೆರಡು ಬಳ್ಳಿ ಬೆಳೆಸುವ ಆಸೆಯಿದ್ದರೆ ಬೆಂಗಳೂರು ನೀಲಿಗಿಂತ ಗಟ್ಟಿ ತಳಿ ಸಿಗುವುದು ಕಷ್ಟ. ಕೆಳಗಿನ ಮಾತುಗಳನ್ನು ಗಮನಿಸಿರಿ:

1. ಒಂದು ವರ್ಷ ಬಲಿತ, ಪೆನ್ಸಿಲ್ ದಪ್ಪದ, ನಾಲ್ಕೈದು ಕಣ್ಣಿನ ಕಡ್ಡಿ ಆರಿಸಿ. ಬುಡ-ತುದಿ ತಿರುಗುಮುರುಗಾಗದಂತೆ ನೆಡಿ.

2. ಮನೆಯ ಬಿಸಿಲು ಬೀಳುವ ಕಡೆ, ಏರಿದ ಜಾಗದಲ್ಲಿ ಗುಂಡಿ ತೆಗೆಯಿರಿ. ಮರದ ನೆರಳು ಬೇಡ.

3. ಸವರದ ಬಳ್ಳಿ ಬರೀ ಎಲೆ ಬಿಡುತ್ತದೆ. ಹೊಸ ಚಿಗುರಿನಲ್ಲೇ ಗೊಂಚಲು ಬರುವುದು. ಮಳೆ ಪೂರ್ತಿ ನಿಂತ ಮೇಲೆ ಸವರಿದರೆ ಹಣ್ಣು ಬೇಸಿಗೆಗೆ ಬರುತ್ತದೆ.

4. ಬೋರ್ಡೋ ದ್ರಾವಣವನ್ನು ಸವರಿದ ಕೂಡಲೇ ಮತ್ತು ಮಳೆಗಾಲದಲ್ಲಿ ಎಲೆಗೆ ಹೊಡೆಯಬಹುದು. ಹಣ್ಣು ಬಣ್ಣ ತಿರುಗಿದ ಮೇಲೆ ಬೇಡ.

5. ರಸ ತೆಗೆಯಲು ಹಣ್ಣನ್ನು ಸಿಪ್ಪೆ ಸಮೇತ, ಕುದಿ ಬಾರದಂತೆ ಬಿಸಿ ಮಾಡಿ, ಬಟ್ಟೆಯಲ್ಲಿ ಸೋಸಿ. ಬಣ್ಣವೂ ಘಮವೂ ಸಿಪ್ಪೆಯಿಂದ ಇಳಿಯುತ್ತವೆ. ತಣ್ಣಗಿಟ್ಟ ರಸದ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯದೇ ಹುಳಿಯ ಉಪ್ಪು.

6. ವೈನ್ ತಯಾರಿಕೆ ಮತ್ತು ಮಾರಾಟ 1965ರ ಕರ್ನಾಟಕ ಅಬಕಾರಿ ಕಾಯಿದೆಗೆ ಒಳಪಟ್ಟವು. ಪರವಾನಗಿ ಇಲ್ಲದೆ ಆ ಸಾಹಸಕ್ಕೆ ಕೈಹಾಕಬೇಡಿ.

ಇನ್ನು ನಾವು ತಂದ ಆರು ಕಡ್ಡಿಗಳ ಮಾತು. ಮೂರು ಒಣಗಿದವು, ಮೂರು ಚಿಗುರಿದವು. ಮೊದಲ ಮಳೆಗಾಲದಲ್ಲೇ ಎಲೆಯ ಅಡಿಯಲ್ಲಿ ಬಿಳಿ ಬೂಜು ಕಾಣಿಸಿತು. ಅಂದು ಅಡಿಕೆಗೆ ಔಷಧಿ ಹೊಡೆಯಲು ಕಾಯಿಸಿದ ಡ್ರಮ್ಮಿನ ತಳದಲ್ಲಿ ಒಂದೆರಡು ಬಿಂದಿಗೆ ಬೋರ್ಡೋ ಉಳಿದಿತ್ತು. ಅದನ್ನೇ ಚಿಮುಕಿಸಿದೆವು, ಬೂಜು ನಿಂತಿತು. ಕೊನೆಗೌಡನಿಗೆ ಕಥೆ ಹೇಳಿದಾಗ, “ಹಂಗಾರೆ ಔಷಧಿ ತೌರಿಗೆ ಹೋಗಿ ಬಂತು ಅನ್ನಿ” ಎಂದು ನಕ್ಕ.

ಮೂರನೆಯ ವರ್ಷ ನಾಲ್ಕು ಗೊಂಚಲು ಬಿಟ್ಟಿತು. ಎರಡು ಹಕ್ಕಿಗೆ, ಎರಡು ನಮಗೆ. ಜೋಗುಪಾಳ್ಯದ ಹಣ್ಣಿಗಿಂತ ಹುಳಿ ಒಂದಿಷ್ಟು ಹೆಚ್ಚೇ. ಆದರೆ ಘಮ ಅದೇ. ಅಜ್ಜಿಗೆ ಸುದ್ದಿ ಮುಟ್ಟಿಸಿದೆವು. ಹೊಸ ಮನೆಯ ತಾರಸಿಯಲ್ಲಿ ಡ್ರಮ್ಮಿನಲ್ಲಿ ನೆಡುವೆ, ಎರಡು ಕಡ್ಡಿ ಕಳಿಸಿ ಎಂದು ಹೇಳಿಕಳಿಸಿದ್ದಾರೆ. ಈ ಸಲ ಸವರಿದಾಗ ಕಳಿಸುತ್ತೇವೆ. ಸದಸ್ಯರಲ್ಲಿ ಯಾರಿಗಾದರೂ ಕಡ್ಡಿ ಬೇಕಿದ್ದರೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬಹುದು. ಹಾಗೆಯೇ ತಮ್ಮ ತೋಟದ ಮೂಲೆಯಲ್ಲಿ ಹಳೆಯ ಕೆಂಟ್ಸ್, ಕೂರ್ಗ್ ಅಥವಾ ಅಜ್ಜನ ಕಾಲದ ಅಡಿಕೆ ಮರ ಉಳಿದಿದ್ದರೆ, ಕಡಿಯುವ ಮುಂಚೆ ನಮಗೊಂದು ಕಾರ್ಡು ಬರೆಯಬೇಕೆಂದು ಕೋರುತ್ತೇವೆ.